ಹೆಪ್ಪುಗಟ್ಟಿಸುವ ಪ್ರೋಟೀನಿನ ಹೆಚ್ಚುವರಿ ಪ್ರಭಾರ

ಆರು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಡಲು ಕುಳಿತ ನನ್ನ ಪತ್ನಿಗೆ ಪುಡಿಯನ್ನು ಬೆರಳುಗಳ ನಡುವೆ ಹಿಡಿಯಲಾಗಲಿಲ್ಲ. ಗೆಣ್ಣುಗಳು ಊದಿದ್ದವು, ಬಿಗಿತ ಸಡಿಲವಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಬಂಧುಗಳು ‘ವಾಯು’ ಎಂದರು. ನಾನೂ ವಯಸ್ಸಿನ ಮೇಲೆ ಭಾರ ಹಾಕಿ ಸುಮ್ಮನಾದೆ. ಹದಿನಾಲ್ಕು ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿದಾಗ ಇಎಸ್‌ಆರ್ 78 ಎಂದು ಬಂತು. ರೋಗ ರುಮಟಾಯ್ಡ್ ಸಂಧಿವಾತ.

ಇಎಸ್‌ಆರ್ ನಮ್ಮ ಮನೆಗಳಿಗೆ ಚಿರಪರಿಚಿತ. ಅದು ಅಳೆಯುವುದೇನನ್ನು ಎಂದು ಕೇಳಿದವರು ವಿರಳ. ನೆಟ್ಟಗೆ ನಿಲ್ಲಿಸಿದ ಗಾಜಿನ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತವೆ ಎಂಬುದೇ ಆ ಅಂಕಿ. ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಹೆಚ್ಚಿದ್ದರೆ ಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವುದೂ ಇದೇ ಪ್ರೋಟೀನು. ಹಾಗಾದರೆ ಹೆಪ್ಪಿಗೂ ಕೀಲುನೋವಿಗೂ ಏನು ನಂಟು?

ಫೈಬ್ರಿನೋಜನ್ ಯಕೃತ್ತಿನಲ್ಲಿ ತಯಾರಾಗುತ್ತದೆ. ಆರೋಗ್ಯವಂತರ ಒಂದು ಲೀಟರ್ ಪ್ಲಾಸ್ಮಾದಲ್ಲಿ ಅದು ಸುಮಾರು 2ರಿಂದ 4 ಗ್ರಾಂ ಇರುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಅದನ್ನು ಕತ್ತರಿಸಿದಾಗ ಫೈಬ್ರಿನ್ ಎಳೆಗಳು ಮೂಡಿ ಬಲೆ ಹೆಣೆಯುತ್ತವೆ. ಗಾಯ ಮಾಯುತ್ತಿದ್ದಂತೆ ಪ್ಲಾಸ್ಮಿನ್ ಎಂಬ ಇನ್ನೊಂದು ಕಿಣ್ವ ಆ ಬಲೆಯನ್ನು ಕರಗಿಸುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಈ ಲೆಕ್ಕ ತಪ್ಪುತ್ತದೆ. ಕೀಲಿನ ಒಳಪೊರೆಯ ರಕ್ತನಾಳಗಳು ಸೋರಿ, ಫೈಬ್ರಿನೋಜನ್ ಕೀಲಿನೊಳಗೆ ಇಳಿದು, ಫೈಬ್ರಿನ್ ಆಗಿ ಶೇಖರಗೊಳ್ಳುತ್ತದೆ. ಕೆಲವು ರೋಗಿಗಳ ಕೀಲಿನಿಂದ ಅಕ್ಕಿಕಾಳಿನಂಥ ಬಿಳಿಯ ತುಣುಕುಗಳನ್ನು ಶಸ್ತ್ರವೈದ್ಯರು ಹೊರತೆಗೆಯುವುದುಂಟು. ಅವುಗಳಲ್ಲಿಯೂ ಫೈಬ್ರಿನ್ ಇರುತ್ತದೆ.

ಇದು ಉರಿಯೂತದ ಫಲ ಮಾತ್ರವೇ ಅಥವಾ ಕಾರಣವೂ ಹೌದೇ? ಅರ್ಥಶಾಸ್ತ್ರ ಓದಿದವನಿಗೆ ಈ ಪ್ರಶ್ನೆ ಹೊಸದಲ್ಲ. ಎರಡು ಸಂಗತಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಮ್ಯಾಥ್ಯೂ ಫ್ಲಿಕ್, ಜೇ ಡೇಗನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಈ ಗೊಂದಲವನ್ನು ಬಿಡಿಸಿತು. ಫೈಬ್ರಿನೋಜನ್ನೇ ಇಲ್ಲದ ಇಲಿಗಳಲ್ಲಿ ಸಂಧಿವಾತ ಉಂಟುಮಾಡಲು ಯತ್ನಿಸಿದಾಗ ಅದರ ತೀವ್ರತೆ ಕಡಿಮೆಯಾಗಿತ್ತು. ಆದರೆ ಅಂಥ ಪ್ರಾಣಿಗೆ ರಕ್ತಸ್ರಾವದ ಅಪಾಯ ತಪ್ಪಿದ್ದಲ್ಲ. ಅವರು ಇನ್ನೊಂದು ಬಗೆಯ ಇಲಿಗಳನ್ನೂ ಪರೀಕ್ಷಿಸಿದರು. ಬಿಳಿ ರಕ್ತಕಣಗಳು ಫೈಬ್ರಿನನ್ನು ಹಿಡಿದುಕೊಂಡು ಕೆರಳುವ ಜಾಗವೊಂದಿದೆ. ಅಲ್ಲಿನ ಏಳು ಅಮೈನೋ ಆಮ್ಲಗಳನ್ನಷ್ಟೇ ಈ ಇಲಿಗಳಲ್ಲಿ ಬದಲಿಸಲಾಗಿತ್ತು. ರಕ್ತ ಎಂದಿನಂತೆ ಹೆಪ್ಪುಗಟ್ಟಿತು. ಸಂಧಿವಾತ ಮಾತ್ರ ಸೌಮ್ಯವಾಯಿತು.

ಆಡಳಿತದ ಭಾಷೆಯಲ್ಲಿ ಹೇಳುವುದಾದರೆ, ಒಬ್ಬ ಅಧಿಕಾರಿ ತನ್ನ ಇಲಾಖೆಯನ್ನು ಸಮರ್ಥವಾಗಿ ನಡೆಸುತ್ತಾ ಹೆಚ್ಚುವರಿ ಪ್ರಭಾರದಲ್ಲಿ ಮಾತ್ರ ಹಾನಿ ಮಾಡುತ್ತಿದ್ದಾನೆ. ಹುದ್ದೆಯನ್ನೇ ರದ್ದುಪಡಿಸಬೇಕಿಲ್ಲ, ಪ್ರಭಾರವನ್ನು ಹಿಂಪಡೆದರೆ ಸಾಕು. (ಸೇವೆಯಲ್ಲಿದ್ದಾಗ ಇದು ನನ್ನಿಂದ ಒಮ್ಮೆಯೂ ಸಾಧ್ಯವಾಗಲಿಲ್ಲ.) ಕಟರೀನಾ ಅಕಸೊಗ್ಲೂ ಅವರ ತಂಡ 2018ರಲ್ಲಿ ಫೈಬ್ರಿನಿನ ಈ ಭಾಗವನ್ನಷ್ಟೇ ಮುಚ್ಚುವ ಪ್ರತಿಕಾಯವೊಂದನ್ನು ವರದಿ ಮಾಡಿತು, ಅದರ ಪ್ರಯೋಗ ನಡೆದದ್ದು ಇಲಿಗಳ ನರರೋಗಗಳಲ್ಲಿ, ಕೀಲಿನಲ್ಲಲ್ಲ.

ಇದನ್ನು ಓದಿ ಯಾರೂ ರಕ್ತ ತೆಳುಮಾಡುವ ಮಾತ್ರೆಗೆ ಕೈಹಾಕಬಾರದು. ಅದು ತಡೆಯುವುದು ಹೆಪ್ಪುಗಟ್ಟುವಿಕೆಯನ್ನೇ. ಸಂಧಿವಾತಕ್ಕೆ ಅದು ಮದ್ದಲ್ಲ. ಈ ರೋಗಿಗಳ ರಕ್ತನಾಳಗಳಲ್ಲಿ ಹೆಪ್ಪಿನ ಅಪಾಯ ಇತರರಿಗಿಂತ ಹೆಚ್ಚೆಂಬುದು ನಿಜ, ಆದರೆ ಅದನ್ನು ನಿಭಾಯಿಸಬೇಕಾದವರು ವೈದ್ಯರು. ಇಎಸ್‌ಆರ್ ಒಂದನ್ನೇ ನಂಬುವುದೂ ತರವಲ್ಲ. ರಕ್ತಹೀನತೆ, ಸೋಂಕು, ಮುಪ್ಪುಗಳಲ್ಲಿಯೂ ಅದು ಏರುತ್ತದೆ. ರೋಗವಿದ್ದೂ ಕೆಲವೊಮ್ಮೆ ಏರುವುದಿಲ್ಲ. ಬೆಳಗಿನ ಬಿಗಿತ, ಎರಡೂ ಕೈಗಳ ಸಣ್ಣ ಕೀಲುಗಳ ಊತ ಆರು ವಾರ ಮೀರಿದರೆ ರುಮಟಾಲಜಿ ತಜ್ಞರನ್ನು ಕಾಣುವುದು ಒಳಿತು. ಮೆಥೊಟ್ರೆಕ್ಸೇಟ್ ದುಬಾರಿ ಔಷಧವೇನಲ್ಲ; ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು, ದಿನವೂ ನುಂಗಿದರೆ ಪ್ರಾಣಾಪಾಯ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಭಾನುವಾರಗಳಿಗೆ ಕೆಂಪು ಗುರುತು ಹಾಕುವುದು ನನ್ನ ಕೆಲಸ.

ಕಳೆದ ತಿಂಗಳ ವರದಿಯಲ್ಲಿ ಇಎಸ್‌ಆರ್ 24 ಇತ್ತು. ರಂಗೋಲಿ ಮತ್ತೆ ಬಾಗಿಲಿಗೆ ಬಂದಿದೆ. ಆ ಹದಿನಾಲ್ಕು ತಿಂಗಳಲ್ಲಿ ಬಾಗಿದ ಎರಡು ಬೆರಳುಗಳು ಮಾತ್ರ ನೇರವಾಗಿಲ್ಲ.