ಲಿಬ್ರೆವಿಲ್‌ನಲ್ಲಿ ಹದಿನೆಂಟನೆಯ ಕಿಕ್

ಆಫ್ರಿಕಾ ಖಂಡದ ದೇಶಗಳ ಪುರುಷರ ತಂಡಗಳು ಸೆಣಸುವ ಫುಟ್‌ಬಾಲ್ ಚಾಂಪಿಯನ್‌ಷಿಪ್‌ಗೆ ಆಫ್ರಿಕಾ ರಾಷ್ಟ್ರಗಳ ಕಪ್ ಎಂದು ಹೆಸರು. ಇದರ 2012ರ ಟೂರ್ನಿಯನ್ನು ಗ್ಯಾಬೊನ್ ಮತ್ತು ಈಕ್ವಟೋರಿಯಲ್ ಗಿನಿ ಎಂಬ ನೆರೆಹೊರೆಯ ದೇಶಗಳು ಜೊತೆಗೂಡಿ ನಡೆಸಿದವು. ಜಾಂಬಿಯಾ ತಂಡ ಗುಂಪಿನ ಪಂದ್ಯಗಳನ್ನು ಈಕ್ವಟೋರಿಯಲ್ ಗಿನಿಯ ಬಾಟಾ ಮತ್ತು ಮಲಾಬೊ ನಗರಗಳಲ್ಲಿ ಆಡಿತು. ಗುಂಪಿನಲ್ಲಿ ಮೊದಲ ಸ್ಥಾನ ಪಡೆದದ್ದರಿಂದ ಅದರ ಕ್ವಾರ್ಟರ್ ಫೈನಲ್ ಮತ್ತು ಸೆಮಿಫೈನಲ್ ಎರಡೂ ಬಾಟಾದಲ್ಲೇ ನಡೆದವು. ಗ್ಯಾಬೊನಿನ ರಾಜಧಾನಿ ಲಿಬ್ರೆವಿಲ್‌ನಲ್ಲಿ ಆಡಬೇಕೆಂದರೆ ಆ ತಂಡ ಫೈನಲ್ ತಲುಪಲೇಬೇಕಿತ್ತು. ಬೇರಾವ ತಂಡಕ್ಕಾದರೂ ಇದು ವೇಳಾಪಟ್ಟಿಯ ಒಂದು ವಿವರವಷ್ಟೇ ಆಗಿರುತ್ತಿತ್ತು. ಜಾಂಬಿಯಾಕ್ಕೆ ಮಾತ್ರ ಲಿಬ್ರೆವಿಲ್ ಎಂದರೆ ತನ್ನ ಇಡೀ ಒಂದು ತಂಡವನ್ನು ನುಂಗಿದ ಕಡಲತೀರವಾಗಿತ್ತು.

1993ರ ಏಪ್ರಿಲ್ 27ರ ರಾತ್ರಿ, ವಿಶ್ವಕಪ್ ಅರ್ಹತಾ ಪಂದ್ಯಕ್ಕಾಗಿ ಸೆನೆಗಲ್‌ನ ಡಕಾರ್‌ಗೆ ಹೊರಟಿದ್ದ ಜಾಂಬಿಯಾ ತಂಡದ ವಿಮಾನ, ಇಂಧನ ತುಂಬಿಸಿಕೊಂಡು ಲಿಬ್ರೆವಿಲ್‌ನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 30 ಮಂದಿಯೂ ಸತ್ತರು. ಅವರಲ್ಲಿ 18 ಮಂದಿ ಆಟಗಾರರು. ಅದು ಪ್ರಯಾಣಿಕರ ವಿಮಾನವಾಗಿರದೆ ಜಾಂಬಿಯಾ ವಾಯುಪಡೆಯ ಬಫೆಲೊ ಎಂಬ ಸರಕು ಸಾಗಣೆಯ ವಿಮಾನವಾಗಿತ್ತು. ದೂರದ ಹಾದಿಯನ್ನು ಒಂದೇ ಹಾರಾಟದಲ್ಲಿ ಕ್ರಮಿಸಲಾರದ ಅದು ಬ್ರಾಜವಿಲ್, ಲಿಬ್ರೆವಿಲ್, ಅಬಿಜಾನ್ ಎಂದು ಅಲ್ಲಲ್ಲಿ ತಂಗುತ್ತ ಸಾಗಬೇಕಿತ್ತು. ಒಂದು ಎಂಜಿನ್‌ಗೆ ಬೆಂಕಿ ಹತ್ತಿದಾಗ, ಕೆಟ್ಟ ಸೂಚಕ ದೀಪದಿಂದ ದಾರಿತಪ್ಪಿದ, ದಣಿದಿದ್ದ ಪೈಲಟ್ ಸರಿಯಾಗಿದ್ದ ಇನ್ನೊಂದು ಎಂಜಿನ್ನನ್ನು ನಿಲ್ಲಿಸಿಬಿಟ್ಟರೆಂದು ಹತ್ತು ವರ್ಷಗಳ ಬಳಿಕ, 2003ರಲ್ಲಿ, ಗ್ಯಾಬೊನಿನ ತನಿಖಾ ವರದಿ ತಿಳಿಸಿತು.

ಹೀಗೆ ಇಲ್ಲವಾದದ್ದು ಸಾಧಾರಣ ತಂಡವಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಇಟಲಿಯನ್ನು 4–0ರಿಂದ ಮಣಿಸಿದ್ದ ಪೀಳಿಗೆಯ ಹಲವರು ಆ ವಿಮಾನದಲ್ಲಿದ್ದರು. ಆ ಪಂದ್ಯದಲ್ಲಿ ಮೂರು ಗೋಲು ಹೊಡೆದಿದ್ದ ಕಲುಶಾ ಬ್ವಾಲ್ಯಾ ನೆದರ್ಲೆಂಡ್ಸ್‌ನ ಪಿಎಸ್‌ವಿ ಕ್ಲಬ್ಬಿಗೆ ಆಡುತ್ತಿದ್ದುದರಿಂದ, ಯೂರೋಪಿನಿಂದಲೇ ನೇರವಾಗಿ ಡಕಾರ್ ಸೇರುವವರಿದ್ದು, ಬದುಕುಳಿದರು. ಅವರ ನಾಯಕತ್ವದಲ್ಲಿ ತರಾತುರಿಯಿಂದ ಕಟ್ಟಿದ ಹೊಸ ತಂಡವು ಮರುವರ್ಷವೇ ಇದೇ ಕಪ್‌ನ ಫೈನಲ್ ತಲುಪಿ ಟ್ಯೂನಿಸ್‌ನಲ್ಲಿ ನೈಜೀರಿಯಾ ಎದುರು 1–2ರಿಂದ ಸೋತಿತು. 2012ರ ಹೊತ್ತಿಗೆ ಅದೇ ಬ್ವಾಲ್ಯಾ ಜಾಂಬಿಯಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಫೈನಲ್‌ಗೆ ಮೊದಲು ಆಟಗಾರರನ್ನು ಆ ಕಡಲತೀರಕ್ಕೆ ಕರೆದೊಯ್ದು ನೀರಿಗೆ ಹೂ ಅರ್ಪಿಸಲಾಯಿತು.

ಫೆಬ್ರವರಿ 12ರ ಆ ಪಂದ್ಯದಲ್ಲಿ ಎದುರಾಳಿಯಾಗಿದ್ದದ್ದು ಐವರಿ ಕೋಸ್ಟ್. ಚೆಲ್ಸಿಯ ಡಿಡಿಯೆ ದ್ರೋಗ್ಬಾ, ಮ್ಯಾಂಚೆಸ್ಟರ್ ಸಿಟಿಯ ಟೂರೆ ಸಹೋದರರು, ಆರ್ಸೆನಲ್‌ನ ಜರ್ವಿನ್ಯೊ ಮುಂತಾದ ಘಟಾನುಘಟಿಗಳಿದ್ದ ಆ ತಂಡ ಐದು ಪಂದ್ಯಗಳನ್ನು ಗೆದ್ದು, ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ ಅಲ್ಲಿಗೆ ಬಂದಿತ್ತು. ಜಾಂಬಿಯಾ ಆಟಗಾರರಾದರೋ ಹೆಚ್ಚಾಗಿ ದಕ್ಷಿಣ ಆಫ್ರಿಕಾ, ಕಾಂಗೊ ಮತ್ತು ತಮ್ಮದೇ ದೇಶದ ಕ್ಲಬ್‌ಗಳವರು. ನಾಯಕ ಕ್ರಿಸ್ಟೋಫರ್ ಕಟೊಂಗೊ ಚೀನಾದಲ್ಲಿ ಆಡುತ್ತಿದ್ದರು. ತಾಮ್ರದ ಗಣಿಗಳ ನಾಡಾದ್ದರಿಂದ ತಂಡಕ್ಕೆ ಚಿಪೊಲೊಪೊಲೊ, ಅಂದರೆ ತಾಮ್ರದ ಗುಂಡುಗಳು, ಎಂಬ ಅಡ್ಡಹೆಸರು. ಸೆಮಿಫೈನಲ್‌ನಲ್ಲಿ ಘಾನಾದ ಅಸಮೊವಾ ಗ್ಯಾನ್ ಅವರ ಪೆನಾಲ್ಟಿಯನ್ನು ಗೋಲ್‌ಕೀಪರ್ ಕೆನೆಡಿ ಮ್ವೀನೆ ತಡೆದದ್ದು, ಇಮ್ಯಾನುಯೆಲ್ ಮಯುಕಾ ಹೊಡೆದ ಒಂದೇ ಗೋಲಿನಿಂದ ತಂಡ ಗೆದ್ದದ್ದು ನೋಡಿದವರಿಗೆ ಇದು ಬರೀ ಭಾವುಕತೆಯ ಬಲದಿಂದ ನಡೆಯುತ್ತಿರುವ ತಂಡವಲ್ಲವೆಂದು ಆಗಲೇ ತಿಳಿಯಬೇಕಿತ್ತು.

ಪಂದ್ಯ ಆರಂಭವಾದ ಕೆಲವೇ ನಿಮಿಷಗಳಲ್ಲಿ ಜಾಂಬಿಯಾದ ರಕ್ಷಣಾ ಆಟಗಾರ ಜೋಸೆಫ್ ಮುಸೊಂಡ ಗಾಯಗೊಂಡು ಕಣ್ಣೀರಿಡುತ್ತ ಹೊರನಡೆದರು. ಗೋಲಿಲ್ಲದೆ ಸಾಗಿದ್ದ ಆಟದ 70ನೇ ನಿಮಿಷದ ಹೊತ್ತಿಗೆ ಜರ್ವಿನ್ಯೊ ಅವರನ್ನು ಪೆನಾಲ್ಟಿ ಚೌಕದೊಳಗೆ ಬೀಳಿಸಿದ್ದಕ್ಕಾಗಿ ಐವರಿ ಕೋಸ್ಟ್‌ಗೆ ಪೆನಾಲ್ಟಿ ಸಿಕ್ಕಿತು. ಗೋಲಿನಿಂದ 11 ಮೀಟರ್ ದೂರದಲ್ಲಿ ಚೆಂಡನ್ನಿಟ್ಟು, ಗೋಲ್‌ಕೀಪರ್ ಒಬ್ಬನೇ ಎದುರಿರುವಾಗ ಹೊಡೆಯುವ ಈ ಅವಕಾಶವನ್ನು ದ್ರೋಗ್ಬಾ ಅವರಂಥ ಆಟಗಾರ ಕಳೆದುಕೊಳ್ಳುವರೆಂದು ಯಾರೂ ಎಣಿಸಿರಲಿಲ್ಲ, ಆದರೆ ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲಿನಿಂದ ಹಾರಿಹೋಯಿತು. ಹೆಚ್ಚುವರಿ ಅವಧಿಯಲ್ಲಿ ಕಟೊಂಗೊ ಅವರ ಹೊಡೆತವನ್ನು ಗೋಲ್‌ಕೀಪರ್ ಬೂಬಕರ್ ಬಾರಿ ಕಂಬಕ್ಕೆ ತಾಗುವಂತೆ ತಿರುಗಿಸಿದರು. 120 ನಿಮಿಷಗಳಾದರೂ 0–0.

ಹೀಗೆ ಸಮವಾದ ಫೈನಲ್‌ಗಳನ್ನು ಹಿಂದೆ ಮತ್ತೊಮ್ಮೆ ಆಡಿಸುವ ಪದ್ಧತಿಯಿತ್ತು. 1974ರಲ್ಲಿ ಜಾಂಬಿಯಾ ಮೊದಲ ಬಾರಿ ಫೈನಲ್ ತಲುಪಿದಾಗ ಜೈರ್ ಎದುರು 2–2 ಆಗಿ, ಮರುಪಂದ್ಯದಲ್ಲಿ 0–2ರಿಂದ ಸೋತಿತ್ತು. ಈಗಿನ ನಿಯಮ ಪೆನಾಲ್ಟಿ ಶೂಟೌಟ್: ಎರಡೂ ತಂಡಗಳಿಂದ ಐದೈದು ಮಂದಿ ಸರದಿಯಂತೆ ಹೊಡೆಯುತ್ತಾರೆ, ಆಗಲೂ ಸಮವಾದರೆ ಒಂದೊಂದೇ ಜೋಡಿಯಾಗಿ ಒಬ್ಬರು ತಪ್ಪುವವರೆಗೆ ಮುಂದುವರಿಯುತ್ತಾರೆ. ಅಂದು ಎರಡೂ ತಂಡಗಳ ಮೊದಲ ಏಳೂ ಕಿಕ್‌ಗಳು ಗೋಲಾದವು. ಈ ಬಾರಿ ದ್ರೋಗ್ಬಾ ತಪ್ಪಲಿಲ್ಲ, ಗೋಲ್‌ಕೀಪರ್ ಮ್ವೀನೆ ಕೂಡ ತಾವೇ ಮುಂದೆ ಬಂದು ಒಂದು ಗೋಲು ಹೊಡೆದರು. ಎಂಟನೆಯದಾಗಿ ಕೋಲೊ ಟೂರೆ ಹೊಡೆದದ್ದನ್ನು ಮ್ವೀನೆ ತಡೆದರು. ಗೆಲುವು ಅಂಗೈಯಲ್ಲಿದ್ದಾಗ ಜಾಂಬಿಯಾದ ರೇನ್‌ಫರ್ಡ್ ಕಲಬಾ ಚೆಂಡನ್ನು ಮೇಲಕ್ಕೆ ಹೊಡೆದರು. ಮರುಸರದಿಯಲ್ಲಿ ಜರ್ವಿನ್ಯೊ ಕೂಡ ಅದೇ ತಪ್ಪು ಮಾಡಿದ ಮೇಲೆ ಸ್ಟಾಪಿಲಾ ಸುಂಜು ಬಂದು ಚೆಂಡನ್ನು ಬಲೆಗೆ ಸೇರಿಸಿದರು: 8–7. ಜಾಂಬಿಯಾಕ್ಕೆ ಮೊದಲ ಕಪ್.

ಸುಂಜು ಹೊಡೆದದ್ದು ಶೂಟೌಟ್‌ನ 18ನೇ ಕಿಕ್ ಎಂಬುದನ್ನೂ ಮಡಿದ ಆಟಗಾರರ ಸಂಖ್ಯೆ 18 ಎಂಬುದನ್ನೂ ಜೋಡಿಸಿ ಹೇಳುವುದು ಅಂದಿನಿಂದ ರೂಢಿಯಾಗಿದೆ. ಲೆಕ್ಕ ಬಿಗಿಯಾಗಿ ಹಿಡಿದರೆ ಚೆಂಡನ್ನು ಹೊಡೆದದ್ದು 19 ಸಲ. ಐವರಿ ಕೋಸ್ಟ್‌ನ ಸೋಲ್ ಬಂಬಾ ಅವರ ಕಿಕ್ಕನ್ನು ಮ್ವೀನೆ ತಡೆದಿದ್ದರೂ, ಅವರು ಗೋಲುಗೆರೆ ಬಿಟ್ಟು ಮೊದಲೇ ಮುಂದೆ ಬಂದಿದ್ದರೆಂದು ರೆಫರಿ ಮತ್ತೊಮ್ಮೆ ಹೊಡೆಸಿದ್ದರು. ಜಾಂಬಿಯಾದ ತರಬೇತುದಾರ ಹರ್ವೆ ರೆನಾರ್ ಕೂಡ ಈ ಗೆಲುವು ವಿಧಿಲಿಖಿತವೆಂಬ ಅರ್ಥದಲ್ಲೇ ಮಾತನಾಡಿದರು. ಶೋಕದಲ್ಲಿರುವ ನಾಡಿಗೆ ಅಂಥ ಮಾತು ಬೇಕಿತ್ತೇನೋ ನಿಜ; ಆದರೆ ಮಡಿದವರೇ ಗೆಲ್ಲಿಸಿದರೆನ್ನುವುದು ಒಂದೇ ಟೂರ್ನಿಯಲ್ಲಿ ಸೆನೆಗಲ್, ಘಾನಾ, ಐವರಿ ಕೋಸ್ಟ್ ಮೂರನ್ನೂ ಮಣಿಸಿದವರ ದುಡಿಮೆಯನ್ನು ಬೇರೆಯವರ ಖಾತೆಗೆ ಬರೆದಂತೆ. ಗೆಲುವಿನ ಬಳಿಕ ರೆನಾರ್, ನಡೆಯಲಾರದ ಮುಸೊಂಡ ಅವರನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಸಂಭ್ರಮದ ನಡುವೆ ತಂದು ಬಿಟ್ಟರು.

ಸೋತ ಪಕ್ಷದ ಕಥೆಗೆ ಇನ್ನೂ ಮೂರು ವರ್ಷ ಬೇಕಾಯಿತು. 2015ರಲ್ಲಿ ಟೂರ್ನಿ ಮತ್ತೆ ಈಕ್ವಟೋರಿಯಲ್ ಗಿನಿಗೆ ಬಂದಾಗ ರೆನಾರ್ ಐವರಿ ಕೋಸ್ಟ್‌ನ ತರಬೇತುದಾರರಾಗಿದ್ದರು. ಬಾಟಾದಲ್ಲಿ ಘಾನಾ ಎದುರಿನ ಫೈನಲ್ ಮತ್ತೆ 0–0 ಆಯಿತು, ಶೂಟೌಟ್‌ನಲ್ಲಿ ಐವರಿ ಕೋಸ್ಟ್ ಮೊದಲ ಎರಡು ಕಿಕ್‌ಗಳನ್ನು ಕಳೆದುಕೊಂಡೂ ಚೇತರಿಸಿಕೊಂಡು 9–8ರಿಂದ ಗೆದ್ದಿತು. ಘಾನಾ ಗೋಲ್‌ಕೀಪರ್‌ನ ಕಿಕ್ ತಡೆದು, ಮರುಕ್ಷಣವೇ ಗೆಲುವಿನ ಗೋಲು ಹೊಡೆದವರು ಬೂಬಕರ್ ಬಾರಿ. ಮೊದಲ ಆಯ್ಕೆಯ ಗೋಲ್‌ಕೀಪರ್ ಗಾಯಗೊಂಡಿದ್ದರಿಂದಷ್ಟೇ ಅಂದು ಅವರಿಗೆ ಆಡುವ ಅವಕಾಶ ಸಿಕ್ಕಿತ್ತು.