ಘಟ್ಟದಾಚೆಯ ಗಾಳಿ

ಮುಂಬೈಯ ದೇವನಾರದ ಕಸದ ಗುಡ್ಡದ ಮೇಲೆ ಬೆಳಗಿನ ಬಿಸಿಲು ಬಲಿಯುತ್ತಿದ್ದ ಹಾಗೆ ಹದ್ದುಗಳು ಏಳುತ್ತವೆ. ಮೊದಲು ಎರಡೋ ಮೂರೋ. ನೋಡನೋಡುತ್ತ ಆಕಾಶದಲ್ಲಿ ಒಂದು ದೊಡ್ಡ ಸುತ್ತೇ ಕಟ್ಟಿಕೊಳ್ಳುತ್ತದೆ. ರೆಕ್ಕೆ ಬಡಿಯುವ ಗೋಜಿಲ್ಲ, ಸುಮ್ಮನೆ ಹರಡಿಕೊಂಡು ತಿರುಗುತ್ತ ತಿರುಗುತ್ತ ಚುಕ್ಕಿಯಾಗುತ್ತವೆ. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಗೋವಂಡಿ ದಾಟುವಾಗ ಎಲ್ಲರೂ ಮೂಗು ಮುಚ್ಚಿಕೊಂಡರೆ, ಬಾಗಿಲಲ್ಲಿ ನಿಂತ ಒಬ್ಬ ಮಾತ್ರ ಕತ್ತು ಹೊರಗೆ ಹಾಕಿ ಮೇಲೆ ನೋಡುತ್ತಾನೆ. ಹದ್ದು ಎಡಕ್ಕೆ ಸುತ್ತುತ್ತಿದೆಯೋ ಬಲಕ್ಕೋ, ಸುತ್ತು ಯಾವ ದಿಕ್ಕಿಗೆ ವಾಲುತ್ತಿದೆ, ಮಾನ್‌ಖುರ್ದ್ ಬರುವಷ್ಟರಲ್ಲಿ ಎಷ್ಟು ಏರಿತು ಎಂಬುದೆಲ್ಲ ಅವನಿಗೆ ಬೇಕು. ಅವನು ಪ್ಯಾರಾಗ್ಲೈಡರ್ ಪೈಲಟ್. ಹಿಮಾಚಲದ ಬೀರ್‌ನಲ್ಲಿ ನಡೆಯುವ ಸ್ಪರ್ಧೆಗೆ ತಯಾರಾಗುತ್ತಿದ್ದಾನೆ.

ತಯಾರಾಗುವುದೇನೋ ಸರಿ, ಹಾರುವುದೆಲ್ಲಿ? ಭಾರತದ ನಾಗರಿಕ ವಿಮಾನಯಾನ ಕಣ್ಣುಬಿಟ್ಟದ್ದೇ ಈ ಊರಿನಲ್ಲಿ ಎನ್ನಬಹುದು. ಬಾಂಬೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು 1929ರಲ್ಲಿ ಪೈಲಟ್ ಲೈಸೆನ್ಸ್ ಪಡೆದ ಜೆ.ಆರ್.ಡಿ. ಟಾಟಾ, 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತು ತಂದು ಇಳಿದದ್ದು ಜುಹೂವಿನಲ್ಲಿ. ಈಗ ಅದೇ ಆಕಾಶದಲ್ಲಿ ಸಾಂತಾಕ್ರೂಜ್ ನಿಲ್ದಾಣದ ವಿಮಾನಗಳು ಒಂದರ ಬೆನ್ನಿಗೊಂದು ಇಳಿಯುತ್ತವೆ. ಉಳಿದ ಜಾಗಕ್ಕೆ ಪೊಲೀಸರ ಆದೇಶ: ಡ್ರೋನು, ಪ್ಯಾರಾಗ್ಲೈಡರು, ಮೈಕ್ರೋಲೈಟು ಯಾವುದೂ ಹಾರಕೂಡದು. ಅವಧಿ ಮುಗಿದರೆ ಮತ್ತೊಂದು ಆದೇಶ ಬರುತ್ತದೆ. 26/11ರ ಭಯೋತ್ಪಾದಕ ದಾಳಿ ನೋಡಿದ ಊರು, ತಪ್ಪೆನ್ನಲಾಗುವುದಿಲ್ಲ.

ಹಾಗಾಗಿ ಮುಂಬೈ ಪೈಲಟ್‌ನ ವಾರದ ಐದು ದಿನದ ಅಭ್ಯಾಸವೆಲ್ಲ ನೆಲದ ಮೇಲೆ, ಬಹಳಷ್ಟು ಮನೆಯೊಳಗೇ. ಚೆಂಬೂರಿನ ಒಂದು ಫ್ಲ್ಯಾಟು. ಹಾಲಿನ ಸೂರಿಗೆ ಎರಡು ಕಬ್ಬಿಣದ ಕೊಕ್ಕೆ. ಅದಕ್ಕೆ ಹಾರ್ನೆಸ್ ಸಿಕ್ಕಿಸಿ ಮನೆಯ ಮಗ ಅರ್ಧ ಮಲಗಿದ ಭಂಗಿಯಲ್ಲಿ ನೇತಾಡುತ್ತಿದ್ದಾನೆ. ಕಾಲು ಚಾಚಿ, ವೇಗ ಹೆಚ್ಚಿಸುವ ಸ್ಪೀಡ್ ಬಾರ್ ಒತ್ತುವುದು, ಬಿಡುವುದು. ಗೆಳೆಯ ಹಿಂದಿನಿಂದ ಹಾರ್ನೆಸ್ಸನ್ನು ಗಿರಗಿರ ತಿರುಗಿಸಿ, ಹೇಳದೆ ಕೇಳದೆ "ಥ್ರೋ!" ಎಂದು ಕೂಗಬೇಕು. ಆಗ ಇವನು ಕಣ್ಣು ಮುಚ್ಚಿಕೊಂಡೇ ಬಲಗೈಯಿಂದ ಸೊಂಟದ ಬದಿಯ ಹಿಡಿ ಹುಡುಕಿ, ರಿಸರ್ವ್ ಪ್ಯಾರಾಶೂಟಿನ ಗಂಟನ್ನು ಎಳೆದು ಬೀಸಿ ಎಸೆಯಬೇಕು. ಗಂಟು ಹೋಗಿ ಸೋಫಾದ ಮೇಲೆ ಬಿತ್ತು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದರು. ಕುಂದಾಪುರ ಕಡೆಯವರು.

"ಆ ಕೊಕ್ಕೆ ತೊಟ್ಟಿಲು ಕಟ್ಟಲಿಕ್ಕೆ ಹಾಕಿಸಿದ್ದು ಮಾರಾಯ, ನೀನು ನೇತಾಡಲಿಕ್ಕಲ್ಲ."

ತಮಾಷೆಯಾಗಿ ಕಂಡರೂ ಈ ಎಸೆತವೇ ಜೀವ ಉಳಿಸುವ ವಿದ್ಯೆ. ಆಕಾಶದಲ್ಲಿ ರೆಕ್ಕೆ ಮಡಚಿಕೊಂಡು ಸುತ್ತತೊಡಗಿದರೆ ಯೋಚಿಸಲು ಹೊತ್ತಿರುವುದಿಲ್ಲ. ಹಿಡಿ ಎಲ್ಲಿದೆಯೆಂಬುದು ಕೈಗೇ ಗೊತ್ತಿರಬೇಕು. ಎಸೆದ ಪ್ಯಾರಾಶೂಟನ್ನು ಮತ್ತೆ ಮಡಚುವುದು ಇನ್ನೊಂದು ಕೆಲಸ. ಅದಕ್ಕೆ ಮನೆ ಸಾಲದು, ಸೊಸೈಟಿಯ ಹಾಲ್ ಕೇಳಿಕೊಳ್ಳಬೇಕು. ಬಿಳಿ ಬಟ್ಟೆಯನ್ನು ಉದ್ದಕ್ಕೆ ಹಾಸಿ, ಒಂದೊಂದೇ ಪಟ್ಟಿಯನ್ನು ಸೀರೆಯ ನೆರಿಗೆಯಂತೆ ಎಡಕ್ಕೊಂದಷ್ಟು ಬಲಕ್ಕೊಂದಷ್ಟು ಕೂಡಿಸಿ, ದಾರಗಳನ್ನು ಎಣಿಸಿ, ಗೊಂಚಲು ಮಾಡಿ ರಬ್ಬರ್ ಬ್ಯಾಂಡಿಗೆ ತೂರಿಸುವಾಗ ಆ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ. ಮುಂಬೈಯ ಸೆಕೆಯಲ್ಲಿ ಮೂಗಿನ ತುದಿಯ ಬೆವರು ಬಟ್ಟೆಯ ಮೇಲೆ ಬೀಳದಂತೆ ಬಗ್ಗಿ ಕೂತವರನ್ನು ನೋಡಬೇಕು.

ಶನಿವಾರ ನಸುಕಿನಲ್ಲೇ ಹೆಗಲಿಗೆ ಹದಿನೈದಿಪ್ಪತ್ತು ಕಿಲೋ ಚೀಲ. ಪನ್ವೇಲ್ ದಾಟಿ, ಖಂಡಾಲಾ ಘಟ್ಟ ಹತ್ತಿ, ಲೋಣಾವಳದ ಚಿಕ್ಕಿ ಅಂಗಡಿಗಳನ್ನು ಹಿಂದೆ ಹಾಕಿದರೆ ಕಾಮ್‌ಶೇಟ್. ಮಾವಳ ಸೀಮೆಯ ಹಳ್ಳಿಗಳು, ಪವನಾ ಜಲಾಶಯ, ಬೋಳು ಗುಡ್ಡಗಳು. ಮಳೆಗಾಲ ಕಳೆದ ಅಕ್ಟೋಬರಿನಿಂದ ಮೇ ತನಕ ಇಲ್ಲಿ ಹಾರಾಟದ ಕಾಲ.

ಇಲ್ಲಿಂದ ಮುಂದೆ ಪುಣೆಯ ಹಡಪ್‌ಸರದಲ್ಲಿ ಸರ್ಕಾರದ ಗ್ಲೈಡಿಂಗ್ ಕೇಂದ್ರವಿದೆ. ಅಲ್ಲಿಯದು ಕಾಕ್‌ಪಿಟ್ಟಿನೊಳಗೆ ಕೂತು ಹಾರುವ, ಗಟ್ಟಿ ರೆಕ್ಕೆಯ ಗ್ಲೈಡರು. ವಿಂಚಿನ ಹಗ್ಗ ಎಳೆದು ಮೇಲಕ್ಕೆ ಬಿಡುತ್ತಾರೆ. ಹಿಂದೆ ನಾಗರಿಕ ವಿಮಾನಯಾನ ಇಲಾಖೆಯ ಎಂಜಿನಿಯರುಗಳು ನಮ್ಮಲ್ಲೇ ರೂಪಿಸಿದ ಗ್ಲೈಡರುಗಳಿಗೆ ಅಶ್ವಿನಿ, ಭರಣಿ, ರೋಹಿಣಿ, ಆರ್ದ್ರಾ ಎಂದು ಸಾಲಾಗಿ ನಕ್ಷತ್ರಗಳ ಹೆಸರಿಟ್ಟಿದ್ದರು. ನಮ್ಮ ರೈತರು ಮಳೆ ಲೆಕ್ಕ ಹಾಕುವುದೂ ಇವೇ ನಕ್ಷತ್ರಗಳಿಂದ. ಆರ್ದ್ರಾ ಮಳೆ ಹಿಡಿದರೆ ಆರ್ದ್ರಾ ಗ್ಲೈಡರು ಶೆಡ್ಡಿನಲ್ಲಿ!

ಕಾಮ್‌ಶೇಟಿನ ಟವರ್ ಹಿಲ್ ಮೇಲೆ ಮಧ್ಯಾಹ್ನ. ಹುಲ್ಲು ಒಣಗಿ ಚುಚ್ಚುತ್ತದೆ. ಏಳೆಂಟು ಮಂದಿ ರೆಕ್ಕೆಗಳನ್ನು ಹಾಸಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಒಬ್ಬಾಕೆ ಬಗ್ಗಿ ಒಂದು ಚಿಟಿಕೆ ಒಣ ಹುಲ್ಲು ಕಿತ್ತು ಮೇಲಕ್ಕೆ ಬಿಟ್ಟಳು. ಹುಲ್ಲು ಪಕ್ಕಕ್ಕೆ ಹೋಯಿತು. ಕಾಯಬೇಕು. ಹೆಲ್ಮೆಟ್ಟಿನೊಳಗೆ ಬೆವರು ಇಳಿಯುತ್ತಿದೆ, ಯಾರಿಗೂ ಅವಸರವಿಲ್ಲ. ಪಡುವಣ ಗಾಳಿ ನೇರಕ್ಕೆ ಬಂದು ಮುಟ್ಟಿದಾಗ ಆಕೆ ದಾರಗಳನ್ನು ಮೆಲ್ಲನೆ ಎಳೆದಳು. ಬಟ್ಟೆ ಸರಸರ ಸದ್ದು ಮಾಡಿ ಉಬ್ಬಿ ತಲೆಯ ಮೇಲೆ ಬಂದು ನಿಂತಿತು. ತಿರುಗಿದಳು, ಮೂರು ಹೆಜ್ಜೆ ಓಡಿದಳು, ನಾಲ್ಕನೆಯದಕ್ಕೆ ನೆಲ ಸಿಗಲಿಲ್ಲ.

ಮೇಲೆ ಹೋದ ಮೇಲೆ ಕೆಲಸವೆಲ್ಲ ಕಿವಿಗೆ. ಭುಜಕ್ಕೆ ಕಟ್ಟಿದ, ಏರಿಳಿತ ತಿಳಿಸುವ ವೇರಿಯೋ ಏರುಗಾಳಿಯಲ್ಲಿ ಪೀಪೀ ಎಂದು ಅವಸರ ಮಾಡುತ್ತದೆ, ಇಳಿಯತೊಡಗಿದರೆ ಗೊಗ್ಗರು ದನಿಯಲ್ಲಿ ಗೊಣಗುತ್ತದೆ. ಗುಡ್ಡದ ಅಂಚಿನಲ್ಲಿ ಎದುರುಬದುರಾದರೆ ಗುಡ್ಡ ಯಾರ ಬಲಕ್ಕಿದೆಯೋ ಅವರಿಗೆ ದಾರಿ. ಥರ್ಮಲ್ಲಿನಲ್ಲಿ, ಅಂದರೆ ಬಿಸಿಯಾಗಿ ಮೇಲೇಳುವ ಗಾಳಿಯಲ್ಲಿ, ಮೊದಲು ಹೊಕ್ಕವರು ಯಾವ ಕಡೆ ಸುತ್ತುತ್ತಾರೋ ಹಿಂದೆ ಬಂದವರೂ ಅದೇ ಕಡೆ ಸುತ್ತಬೇಕು. ಹದ್ದು ಮಾತ್ರ ಈ ಕಾನೂನು ಪಾಲಿಸುವುದಿಲ್ಲ. ಆದರೂ ಅದು ಎಲ್ಲಿ ಸುತ್ತುತ್ತದೋ ಅಲ್ಲಿಗೇ ಎಲ್ಲರ ಓಟ.

ಸ್ಪರ್ಧೆ ನಡೆಯುವ ಬೀರ್ ಬೇರೆಯೇ ಲೋಕ. ಹಾರುವ ತಾಣ ಬಿಲ್ಲಿಂಗ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಬೆನ್ನಿಗೆ ಧೌಲಾಧಾರ್ ಶ್ರೇಣಿ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ. ಸ್ಪರ್ಧೆಯ ದಿನ ಬೆಳಗ್ಗೆ ದಾರಿ ಪ್ರಕಟವಾಗುತ್ತದೆ: ಇಂಥ ಶಿಖರ, ಇಂಥ ಊರು, ಮತ್ತೆ ಹಿಂದಕ್ಕೆ. ಜಿಪಿಎಸ್‌ನಲ್ಲಿ ಮಾತ್ರ ಕಾಣುವ ವರ್ತುಲಗಳನ್ನು ಒಂದೊಂದಾಗಿ ಮುಟ್ಟಿ ಗುರಿ ಸೇರಬೇಕು. ಆ ಕಣಿವೆಯ ಹುಡುಗರಿಗೆ ಗುಡ್ಡ ಮನೆಯ ಹಿತ್ತಿಲು; ಎದ್ದರೆ ಹಾರಬಹುದು. ಮುಂಬೈಯವರಿಗೆ ಶನಿವಾರ, ಭಾನುವಾರ, ಅದೂ ಗಾಳಿ ಮನಸ್ಸು ಮಾಡಿದರೆ. ಆದರೆ ಕಾಮ್‌ಶೇಟಿನ ಈ ಪುಟ್ಟ ಗುಡ್ಡ ಒಂದನ್ನು ಚೆನ್ನಾಗಿ ಕಲಿಸಿದೆ ಎಂದು ನನಗನ್ನಿಸುತ್ತದೆ. ಇಲ್ಲಿ ಎತ್ತರ ಕೆಲವೇ ನೂರು ಅಡಿ, ಏರುಗಾಳಿ ಕಡಿಮೆ. ಸಿಕ್ಕ ಬಡಕಲು ಗಾಳಿಯನ್ನೇ ಹಿಡಿದು ಜೋತಾಡದಿದ್ದರೆ ಐದು ನಿಮಿಷದಲ್ಲಿ ಜೋಳದ ಕೂಳೆಯ ಮೇಲೆ ನಿಂತಿರುತ್ತೀರಿ. ದೊಡ್ಡ ಬೆಟ್ಟದಲ್ಲಿ ಮೋಡ ಕವಿದು ಬಿಸಿಲು ಸತ್ತ ಹೊತ್ತಿಗೆ, ಉಳಿದವರು ಇಳಿಯುತ್ತಿರುವಾಗ, ಈ ಜಿಪುಣತನವೇ ಕೈ ಹಿಡಿಯುವುದು.

ಭಾನುವಾರ ಸಂಜೆ ಗುಡ್ಡದ ಬುಡದಲ್ಲಿ ಚಹಾ ಕುಡಿಯುತ್ತ ಮಾತೆಲ್ಲ ಬೀರ್ ಪ್ರಯಾಣದ್ದು. ವಿಮಾನದಲ್ಲಿ ಹದಿನೈದು ಕಿಲೋಗಿಂತ ಹೆಚ್ಚಾದರೆ ದುಡ್ಡು ಕಟ್ಟಬೇಕು. ಬೂಟು ಕಾಲಿಗೇ, ಜಾಕೆಟ್ಟು ಮೈಗೇ, ಹೆಲ್ಮೆಟ್ಟು ಕೈಯಲ್ಲಿ ಎಂದು ಒಬ್ಬ ಲೆಕ್ಕ ಹಾಕಿದ. ರೈಲಿನಲ್ಲಿ ಹೋದರೆ ಪಠಾಣ್‌ಕೋಟ್‌ವರೆಗೆ ತೂಕದ ತಂಟೆಯಿಲ್ಲ, ಆದರೆ ರಜೆ ಇನ್ನೆರಡು ದಿನ ಹೆಚ್ಚು ಬೇಕು. ರಜೆಯ ಅರ್ಜಿಯಲ್ಲಿ ಕಾರಣ ಏನು ಬರೆಯುವುದೆಂದು ಇನ್ನೂ ತೀರ್ಮಾನವಾಗಿಲ್ಲ.