ಚಳಿಗಾಲದ ಹೂವಿಗೆ ಕತ್ತಲೆಯೂ ಬೇಕು

ಮೂರು ವರ್ಷದ ಹಿಂದಿನ ಮಾತು. ಅಂಗಳದ ಬದಿಗೆ 40 ಹಳದಿ ಸೇವಂತಿಗೆ ನೆಟ್ಟಿದ್ದೆವು. ಎಲ್ಲವೂ ಒಂದೇ ತಾಯಿಗಿಡದ ತುಂಡುಗಳು. ಒಂದೇ ಗೊಬ್ಬರ, ಒಂದೇ ನೀರು. ನವೆಂಬರ್ ಕೊನೆಗೆ 28 ಗಿಡ ಮೈತುಂಬಾ ಹೂ ಬಿಟ್ಟವು. ಉಳಿದ 12 ಗಿಡ ಹಚ್ಚಗೆ ಸೊಂಪಾಗಿ ಬೆಳೆದವು, ಮೊಗ್ಗು ಮಾತ್ರ ಇಲ್ಲ!

ಷಷ್ಠಿಯ ಹೊತ್ತಿಗೆ ಹೂ ಕೊಡುತ್ತೇನೆಂದು ನನ್ನಾಕೆ ಪೇಟೆಯ ಅಂಗಡಿಯವರಿಗೆ ಮಾತು ಕೊಟ್ಟಿದ್ದಳು. ಅಡಿಕೆಯ ದುಡ್ಡು ನನ್ನ ಕೈಯಲ್ಲಿ, ಹೂವಿನದ್ದು ಅವಳ ಕೈಯಲ್ಲಿ ಎಂಬುದು ನಮ್ಮಲ್ಲಿ ಮೊದಲಿಂದ ಇದ್ದ ಕ್ರಮ. ಹಾಗಾಗಿ ಅವಳಿಗೆ ಬೇಸರವಾದದ್ದು ಸಹಜ. "ನೀವು ಹಿಂಡಿ ಸುರಿದದ್ದು ಜಾಸ್ತಿಯಾಯ್ತು" ಎಂದಳು. ನಾನು "ತಾಯಿಗಿಡ ಕೊಟ್ಟ ಆಚೆಮನೆಯ ಅಕ್ಕ ಯಾವುದೋ ಬಂಜೆ ಗಿಡ ದಾಟಿಸಿದ್ದಾರೆ" ಎಂದೆ. ಆ ಮಾತು ಅಕ್ಕನ ಕಿವಿಗೂ ಬಿತ್ತು. ಅವರು ನಮ್ಮಲ್ಲಿಗೆ ಬರುವುದೇ ಕಡಿಮೆ ಮಾಡಿದರು.

ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕುವುದೆಂದು ಹೊರಟಾಗ, ಕೃಷಿ ಓದಿದ ಸೋದರಳಿಯ ಬಂದಿದ್ದ. ಗಿಡ ನೋಡಲಿಲ್ಲ, ತಲೆ ಎತ್ತಿ ಕಂಬ ನೋಡಿದ. "ಮಾವಾ, ಈ ಬಲ್ಬು ರಾತ್ರಿಯಿಡೀ ಉರಿಯುತ್ತದಾ?"

ಹೌದು. ಚಿರತೆ ಬಂದು ನಾಯಿಯನ್ನು ಹೊತ್ತೊಯ್ದ ಮೇಲೆ, ಚೌತಿ ಕಳೆದ ವಾರದಿಂದ ಅಂಗಳದ ಕಂಬಕ್ಕೆ ಎಲ್‌ಇಡಿ ಬಲ್ಬು ಹಾಕಿದ್ದೆ. ಹೂ ಬಿಡದ 12 ಗಿಡಗಳೂ ಆ ಕಂಬದ ಬುಡದಲ್ಲೇ ಇದ್ದವು.

"ಈ ಗಿಡಗಳಿಗೆ ಇನ್ನೂ ರಾತ್ರಿಯೇ ಆಗಿಲ್ಲ ಮಾವಾ!"

ಗಿಡ ಹೊತ್ತು ಅಳೆಯುತ್ತದೆ

ಸೇವಂತಿಗೆ ಚಳಿಗೆ ಹೂ ಬಿಡುತ್ತದೆ ಎಂದೇ ನಾವು ತಿಳಿದದ್ದು. ತಂಪು ಹವೆ ಹೂವಿಗೆ ಒಳ್ಳೆಯದು ನಿಜ. ಆದರೆ ಮೊಗ್ಗು ಕಟ್ಟುವ ಸಮಯ ಬಂತೆಂದು ಗಿಡಕ್ಕೆ ತಿಳಿಸುವುದು ಉದ್ದದ ರಾತ್ರಿ. ನಮ್ಮಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ. ಡಿಸೆಂಬರಿನಲ್ಲಿ ಹನ್ನೊಂದೂವರೆಗೂ ತುಸು ಕಡಿಮೆ. ಸೆಪ್ಟೆಂಬರ್ ಮೂರನೇ ವಾರ ಕಳೆದ ಮೇಲೆ ರಾತ್ರಿ ಹಗಲನ್ನು ಮೀರುತ್ತಾ ಹೋಗುತ್ತದೆ. ನಮಗೆ ಗೊತ್ತೇ ಆಗದ ಈ ಒಂದೂವರೆ ಗಂಟೆ ವ್ಯತ್ಯಾಸವನ್ನು ಎಲೆಗಳು ಗುರುತಿಸುತ್ತವೆ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಬೇಸಗೆಯಲ್ಲಿ ಆಳೆತ್ತರ ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿ ಅವರಲ್ಲಿತ್ತು. ಹೊತ್ತಿಗೆ ಮೊದಲೇ ಗಿಡವನ್ನು ಕತ್ತಲಲ್ಲಿಟ್ಟು ಹಗಲನ್ನು ಗಿಡ್ಡ ಮಾಡಿದಾಗ ಅದು ಹೂ ಬಿಟ್ಟಿತು. ಮುಂದೆ ತಿಳಿದದ್ದೇನೆಂದರೆ, ಮುಖ್ಯವಾದದ್ದು ತುಂಡಾಗದ ಕತ್ತಲೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಉರಿಸಿದರೂ ಗಿಡದ ಲೆಕ್ಕ ತಪ್ಪುತ್ತದೆ. ಪಾಲಿಹೌಸಿನಲ್ಲಿ ಸೇವಂತಿಗೆ ಬೆಳೆಯುವವರು ಇದನ್ನೇ ಉಪಾಯ ಮಾಡಿಕೊಂಡಿದ್ದಾರೆ. ಹೂ ಮುಂದೆ ಹೋಗಬೇಕಾದರೆ ದೀಪ, ಬೇಗ ಬರಬೇಕಾದರೆ ಕಪ್ಪು ಹೊದಿಕೆ. ಅವರು ದುಡ್ಡು ಕೊಟ್ಟು ಮಾಡುವ ಕೆಲಸವನ್ನು ನಾನು ತಿಳಿಯದೆ ಮಾಡಿದ್ದೆ!

ಬೆಳದಿಂಗಳ ಹೆದರಿಕೆ ಬೇಡ, ಅಷ್ಟು ಮಂದ ಬೆಳಕು ಸಾಲದು. ಎಲ್ಲ ತಳಿಗಳೂ ಒಂದೇ ತರ ಅಲ್ಲ, ಕೆಲವಕ್ಕೆ ಈ ಕಟ್ಟು ಸಡಿಲ.

ಡಿಸೆಂಬರ್ ಕೊನೆಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಬಲ್ಬಿಗೆ ಟೊಪ್ಪಿ ಮಾಡಿದೆ. ಬೆಳಕು ಹಟ್ಟಿಯ ದಾರಿಗೆ ಮಾತ್ರ ಬೀಳುವ ಹಾಗೆ. ಮಾರ್ಚ್ ಮೊದಲ ವಾರ ಆ ಹನ್ನೆರಡೂ ಗಿಡ ಅರಳಿದವು. ಮೊದಲ ಬುಟ್ಟಿ ಹೂ ಆಚೆಮನೆಯ ಅಕ್ಕನಿಗೆ ಕೊಟ್ಟು ಬಂದೆ. "ಗಿಡ ಬಂಜೆಯಲ್ಲ ಅಲ್ವಾ?" ಎಂದು ಕೇಳಿದರು. ತಲೆ ತಗ್ಗಿಸಿದೆ.

ನಾವು ಮಾಡುವ ಕ್ರಮ

ಚಳಿಗಾಲದ ಬಣ್ಣಕ್ಕೆ ಕೆಲಸ ಸುರುವಾಗುವುದು ಹೂ ಮುಗಿದ ದಿನವೇ. ಗಿಡವನ್ನು ಗೇಣೆತ್ತರಕ್ಕೆ ಕತ್ತರಿಸಿ ಬುಡಕ್ಕೆ ಹಟ್ಟಿಗೊಬ್ಬರ ಕೊಡಿ. ಬುಡದಿಂದ ಬರುವ ಮರಿಗಳನ್ನು ಬೇಸಗೆಯಲ್ಲಿ ಅರೆನೆರಳಲ್ಲಿ ಉಳಿಸಿಕೊಳ್ಳಿ. ಜುಲೈಯಲ್ಲಿ ಎಳೆ ಕುಡಿಗಳನ್ನು ಎರಡು ಮೂರು ಇಂಚು ಉದ್ದಕ್ಕೆ ತೆಗೆದು, ಕೆಳಗಿನ ಎಲೆ ಬಿಡಿಸಿ, ಮರಳು ಬೆರೆಸಿದ ತೊಟ್ಟೆಯಲ್ಲಿ ಊರಿ. ತೊಟ್ಟೆ ಮಾಡಿನ ಅಡಿಯಲ್ಲಿರಲಿ. ನಮ್ಮ ಕರಾವಳಿಯ ಮಳೆಗೆ ಬಯಲಲ್ಲಿಟ್ಟರೆ ಕೊಳೆತೇ ಹೋಗುತ್ತದೆ.

ಆಗಸ್ಟ್ ಕೊನೆಗೆ ಏರು ಮಡಿ ಮಾಡಿ ಒಂದಡಿಗೊಂದು ನೆಡುತ್ತೇವೆ. ಸುಡುಮಣ್ಣು, ಹಟ್ಟಿಗೊಬ್ಬರ ಸಮಸಮ. ನೀರು ನಿಲ್ಲಲೇ ಬಾರದು. ಗಿಡ ಹಿಡಿದು ಮೂರು ನಾಲ್ಕು ವಾರವಾದಾಗ ತುದಿ ಚಿವುಟಿ. ಕವಲು ಹೆಚ್ಚಿದಷ್ಟೂ ಹೂ ಹೆಚ್ಚು. ಸೆಪ್ಟೆಂಬರ್ ಕಳೆದ ಮೇಲೆ ಚಿವುಟಬೇಡಿ, ಮೊಗ್ಗಿನ ತುದಿಯೇ ಹೋದೀತು. ಮೊಗ್ಗು ಕಂಡ ಮೇಲೆ ನೀರು ಬುಡಕ್ಕೆ ಮಾತ್ರ. ಎಲೆ ನೆನೆದಷ್ಟೂ ಚುಕ್ಕೆ ರೋಗ ಹೆಚ್ಚು. ಕುಡಿಗೆ ಹೇನು ಕಂಡರೆ ಮೊದಲೇ ಆ ಕುಡಿ ಚಿವುಟಿ ತೆಗೆಯಿರಿ.

ಜೊತೆಗೆ ಏನು?

ಸೇವಂತಿಗೆ ಒಂದನ್ನೇ ನಂಬಬೇಡಿ. ಗೊಂಡೆಯ ಬೀಜ ಸೆಪ್ಟೆಂಬರ್ ಮೊದಲಿಗೆ ಮಾಡಿನಡಿ ಬಿತ್ತಿ, ನಾಲ್ಕು ವಾರದ ಸಸಿ ನೆಟ್ಟರೆ ನವೆಂಬರ್ ಕೊನೆಯಿಂದ ಹೂ. ಅದಕ್ಕೆ ಕತ್ತಲೆಯ ಹಟ ಅಷ್ಟಿಲ್ಲ. ಬೇರಿನ ಗಂಟು ಮಾಡುವ ಜಂತುಹುಳುವಿನ ಕಾಟವನ್ನೂ ಅದು ತಗ್ಗಿಸುವುದರಿಂದ, ಮರುವರ್ಷ ಆ ಮಡಿಗೆ ಬದನೆ ಹಾಕಬಹುದು. ಹೈಬ್ರಿಡ್ ಗೊಂಡೆಯ ಬೀಜ ಇಟ್ಟುಕೊಂಡರೆ ಮಾತ್ರ ಮರುವರ್ಷ ಅದೇ ಹೂ ಬರುವ ಭರವಸೆ ಇಲ್ಲ.

ನೇರಳೆ, ಗುಲಾಬಿ, ಬಿಳಿ ಬಣ್ಣಕ್ಕೆ ಆಸ್ಟರ್ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ ಗುಲಾಬಿ ಬಣ್ಣದ್ದು, ಪೂರ್ಣಿಮಾ ಬಿಳಿ. ಆಸ್ಟರ್ ಬೀಜ ಹಳತಾದರೆ ಹುಟ್ಟುವುದಿಲ್ಲ, ಆ ವರ್ಷದ್ದೇ ಬೇಕು.

ಈಗ ಹಳ್ಳಿಯಲ್ಲೂ ಅಂಗಳಕ್ಕೊಂದು, ದಾರಿಗೊಂದು ದೀಪ. ದೀಪ ಬೇಡ ಎನ್ನುವುದಿಲ್ಲ, ಚಿರತೆ ಈಗಲೂ ಬರುತ್ತದೆ. ಆದರೆ ಹೂವಿನ ಮಡಿಗೆ ಜಾಗ ಹುಡುಕುವಾಗ ಹಗಲು ಬಿಸಿಲು ನೋಡಿದರೆ ಸಾಲದು. ಒಂದು ದಿನ ರಾತ್ರಿ ಊಟವಾದ ಮೇಲೂ ಅಲ್ಲಿ ಹೋಗಿ ನಿಂತು ನೋಡಿ. ಕೈಯಲ್ಲಿ ಹಿಡಿದ ಪತ್ರಿಕೆಯ ಅಕ್ಷರ ಕಂಡರೆ ಸೇವಂತಿಗೆಗೆ ಬೇರೆ ಜಾಗ ಹುಡುಕಿ.

ನಿಮ್ಮಲ್ಲೂ ಹೀಗೆ ಹೂ ಬಿಡದ ಗಿಡವಿದ್ದರೆ ಕೀಳುವ ಮೊದಲು, ಗಿಡ ಕೊಟ್ಟವರನ್ನು ದೂರುವ ಮೊದಲು, ಒಮ್ಮೆ ತಲೆ ಎತ್ತಿ ನೋಡಿ. ಅನುಭವ ಬೇರೆಯಾಗಿದ್ದರೆ ಬರೆದು ತಿಳಿಸಿ, ಎಲ್ಲರಿಗೂ ಉಪಯೋಗವಾದೀತು.